ಹಿಮ ಕುಸಿದದ್ದು ಯೂಟಾದಲ್ಲಿ, ಪ್ರಾಕ್ಟೀಸ್ ಬನಶಂಕರಿಯಲ್ಲಿ

ಬನಶಂಕರಿ ಆರನೇ ಹಂತದಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಮುಂದೆ ಒಂದು ಲೋಡ್ ಎಂ-ಸ್ಯಾಂಡ್ ಬಿದ್ದಿದೆ. ಭಾನುವಾರ ಬೆಳಗ್ಗೆ ನಾನು ಆ ರಾಶಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಹೂತು, ಅದನ್ನೇ ಹುಡುಕಿ ತೆಗೆಯುತ್ತೇನೆ. ಡಬ್ಬಿಯೊಳಗೆ ಟ್ರಾನ್ಸೀವರ್ ಇರುತ್ತದೆ, ಅಂದರೆ ಹಿಮದಡಿ ಹೂತವರನ್ನು ಹುಡುಕಲು ಮೈಮೇಲೆ ಕಟ್ಟಿಕೊಳ್ಳುವ, ರೇಡಿಯೋ ಸಂಕೇತ ಕಳಿಸುವ ಮತ್ತು ಹಿಡಿಯುವ ಪುಟ್ಟ ಯಂತ್ರ. ಮೊದಲ ದಿನ ಮೇಸ್ತ್ರಿ, "ಏನ್ ಸಾರ್, ಚಿನ್ನ ಬಿದ್ದೋಯ್ತಾ?" ಅಂತ ಕೇಳಿದ್ದ.

ಆಫೀಸ್ ಪ್ರಾಜೆಕ್ಟ್ ಮೇಲೆ ಎರಡು ವರ್ಷ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದೆ. ಪೂರ್ವಕ್ಕೆ ಹೋದರೆ ಯುಯಿಂಟಾ ಬೆಟ್ಟಗಳು. ಅಲ್ಲಿ ಹಿಮದ ಮೇಲೆ ಓಡುವ ಗಾಡಿ, ಸ್ನೋಮೊಬೈಲ್ ಹುಚ್ಚು ಹಿಡಿಯಿತು. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, 200 ಕೆಜಿಗೂ ಜಾಸ್ತಿ ತೂಕ. ಕಡಿದಾದ ಇಳಿಜಾರಿನಲ್ಲಿ ಯಾರು ಎಷ್ಟು ಮೇಲೆ ಹತ್ತಿ ತಿರುಗಿ ಬರುತ್ತಾರೆ ಅನ್ನೋದೇ ಆಟ. ಹೈಮಾರ್ಕಿಂಗ್ ಅನ್ನುತ್ತಾರೆ.

ನಾವು ಹಿಮಕುಸಿತಕ್ಕೆ ಸಿಕ್ಕ ದಿನ ಅದರ ಅಪಾಯದ ಮುನ್ಸೂಚನೆ ಐದರಲ್ಲಿ ಮೂರು ಇತ್ತು. ನನಗದು ಪರೀಕ್ಷೆಯಲ್ಲಿ 60 ಮಾರ್ಕ್ಸ್ ಬಂದ ಹಾಗೆ ಕಂಡಿತು. ಪಾಸು ತಾನೇ! ಜನ ಹೆಚ್ಚು ಸಾಯೋದು ಈ ಮೂರನೇ ಹಂತದಲ್ಲೇ ಅಂತ ಆಮೇಲೆ ಗೊತ್ತಾಯಿತು. ನಾಲ್ಕು, ಐದು ಇದ್ದರೆ ಹೆದರಿ ಮನೆಯಲ್ಲೇ ಇರುತ್ತಾರಲ್ಲ.

ಚಳಿಗಾಲದ ಶುರುವಿನಲ್ಲಿ ಬಿದ್ದ ತೆಳು ಹಿಮ, ಚಳಿ ಜಾಸ್ತಿಯಾದಾಗ ಬನ್ಸಿ ರವೆ ಥರ ಉದುರುದುರಾಗುತ್ತದೆ. ಹರಳಿಗೂ ಹರಳಿಗೂ ಅಂಟೇ ಇರುವುದಿಲ್ಲ. ಅದರ ಮೇಲೆ ಹೊಸ ಹಿಮ ಗಟ್ಟಿ ಹಲಗೆಯಾಗಿ ಕೂರುತ್ತದೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ, ಹಲಗೆ ಜಾರಲು ಒಂದು ಗಾಡಿಯ ಭಾರ ಸಾಕು.

ನಾವು ನಾಲ್ವರು. ತುಮಕೂರಿನ ಗೆಳೆಯ ಮೊದಲು ಹತ್ತಿದ, ಅರ್ಧದಲ್ಲೇ ಗಾಡಿ ಹೂತುಕೊಂಡು ನಿಂತ. ನಮ್ಮೂರಲ್ಲಿ ಸಿಗ್ನಲ್‌ನಲ್ಲಿ ಗಾಡಿ ಕೆಟ್ಟರೆ ತಳ್ಳೋಕೆ ನಾಲ್ಕು ಜನ ಓಡಿ ಬರುತ್ತಾರೆ ಅಲ್ವಾ? ನನ್ನ ಕೈ ಅದೇ ಅಭ್ಯಾಸದಲ್ಲಿ ಥ್ರಾಟಲ್ ಒತ್ತಿತು. ಒಬ್ಬ ಸಿಕ್ಕಿಕೊಂಡಾಗ ಇನ್ನೊಬ್ಬ ಅದೇ ಇಳಿಜಾರಿಗೆ ಹೋಗಬಾರದು, ಅವನೇ ಬಿಡಿಸಿಕೊಂಡು ಇಳಿಯಬೇಕು. ತರಬೇತಿಯಲ್ಲಿ ಇದನ್ನು ಕೇಳಿದ್ದೆ, ನೋಟ್‌ಬುಕ್ಕಿನಲ್ಲಿ ಅಡಿಗೆರೆಯನ್ನೂ ಎಳೆದಿದ್ದೆ.

ಅವನನ್ನು ತಲುಪಲು ಇನ್ನು ಇಪ್ಪತ್ತು ಮೀಟರ್ ಇದ್ದಾಗ 'ವುಂಫ್' ಅಂತ ಸದ್ದು. ಕೆಳಗಿನ ಪದರ ಕುಸಿದಿತ್ತು. ನಮ್ಮ ಮೇಲೆ ಅಡ್ಡಲಾಗಿ ಒಂದು ಬಿರುಕು ಓಡಿತು. ಬೆನ್ನಿನ ಚೀಲದಲ್ಲಿ ಉಬ್ಬಿಕೊಳ್ಳುವ ಏರ್‌ಬ್ಯಾಗ್‌ನ ಹಿಡಿ ಎಳೆದೆ. ಖಾರದ ಮಿಕ್ಸ್ಚರ್ ಡಬ್ಬ ಅಲ್ಲಾಡಿಸಿದರೆ ಪುಡಿ ತಳಕ್ಕೆ ಇಳಿದು ಕಡಲೆಕಾಯಿ ಮೇಲೆ ಬರುತ್ತದಲ್ಲ, ಏರ್‌ಬ್ಯಾಗ್ ಕೆಲಸ ಮಾಡೋದೂ ಹಾಗೇ. ಮೈ ದೊಡ್ಡದಾದರೆ ಮೇಲುಳಿಯುವ ಸಾಧ್ಯತೆ ಜಾಸ್ತಿ. ಹಿಮ ನಿಂತಾಗ ನಾನು ಮಂಡಿವರೆಗೆ ಹೂತಿದ್ದೆ. ಅವನು ಕಾಣಲಿಲ್ಲ. ಅವನ ಬಳಿ ಏರ್‌ಬ್ಯಾಗ್ ಇರಲಿಲ್ಲ.

ಅಲ್ಲಿಂದ ತಪ್ಪುಗಳ ಮೆರವಣಿಗೆ. ಎಲ್ಲ ಕಂಪನಿಯ ಟ್ರಾನ್ಸೀವರ್‌ಗಳೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ. ಹುಡುಕುವವರೆಲ್ಲ ತಮ್ಮದನ್ನು 'ಸೆಂಡ್'ನಿಂದ 'ಸರ್ಚ್'ಗೆ ಬದಲಿಸಬೇಕು. ನಾನು ಬದಲಿಸಲೇ ಇಲ್ಲ. ಕೆಳಗಿನಿಂದ ಓಡಿ ಬಂದ ಇನ್ನೊಬ್ಬ ಗೆಳೆಯನ ಟ್ರಾನ್ಸೀವರ್‌ನ ಬಾಣದ ಗುರುತು ನೇರ ನನ್ನ ಎದೆಗೇ ತೋರಿಸಿತು. ಅವನು ಬೈದ ಮೇಲೆ ಬದಲಿಸಿದೆ. ಆಮೇಲೆ ನನ್ನದರಲ್ಲಿ ದೂರವನ್ನು ಮೀಟರಿನಲ್ಲಿ ತೋರಿಸುವ ಅಂಕಿ ಕುಣಿಯತೊಡಗಿತು: 18, 31, 12, 40. ಜಾಕೆಟ್ ಜೇಬಿನಲ್ಲಿ ಮೊಬೈಲ್ ಆನ್ ಇತ್ತು. ಕೆಳಗೆ ಒಂದು ಗಾಡಿಯ ಎಂಜಿನ್ನೂ ಓಡುತ್ತಿತ್ತು. ಎರಡೂ ಆಫ್ ಆದ ಮೇಲೆ ಅಂಕಿ ತಣ್ಣಗಾಯಿತು. 9, 5, 2, 1.1.

ಅಲ್ಲಿ ಪ್ರೋಬ್ ಕೋಲು ಚುಚ್ಚಿದೆವು, 25 ಸೆಂಟಿಮೀಟರಿಗೊಂದು, ಸುರುಳಿ ಸುತ್ತುತ್ತಾ. ಐದನೇ ಸಲ ಕೋಲು ಮೆತ್ತಗೆ ನಿಂತಿತು. ಹಿಮಕ್ಕೆ ತಾಗಿದ ಹಾಗಲ್ಲ, ಕಲ್ಲಿಗೆ ತಾಗಿದ ಹಾಗೂ ಅಲ್ಲ. ಹಾಸಿಗೆ ಚುಚ್ಚಿದ ಹಾಗೆ. ಆ ಮೆತ್ತಗಿನ ತಡೆ ಈಗಲೂ ನನ್ನ ಅಂಗೈಯಲ್ಲಿದೆ.

ಹಿಮ ಅಷ್ಟರಲ್ಲಿ ಕಾಂಕ್ರೀಟಾಗಿತ್ತು. 13 ನಿಮಿಷದಲ್ಲಿ ಮುಖ ಸಿಕ್ಕಿತು. ತುಟಿ ನೀಲಿ, ಉಸಿರು ಇತ್ತು. ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಮಗಾ, ಗಾಡಿ ಎಲ್ಲಿ?"

ಪೂರ್ತಿ ಹೂತವರನ್ನು 10-15 ನಿಮಿಷದೊಳಗೆ ಹೊರಗೆ ತೆಗೆದರೆ ಹೆಚ್ಚಿನವರು ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಲೆಕ್ಕ ಉಲ್ಟಾ. ನಾನೊಬ್ಬನೇ ಮೂರು ನಿಮಿಷವಾದರೂ ಹಾಳು ಮಾಡಿದ್ದೆ. ಅದಕ್ಕೇ ಈ ಮರಳಿನ ಆಟ.

ಮರಳು ಹಿಮದಷ್ಟು ಗಟ್ಟಿಯಲ್ಲ, ನಿಜ. ಆದರೆ ಮೊಬೈಲ್ ಆಫ್, ಸರ್ಚ್ ಮೋಡ್, ಪ್ರೋಬ್ ಜೋಡಿಸೋದು ಇದೆಲ್ಲ ಕೈಗೆ ಬರೋಕೆ ಹಿಮವೇ ಬೇಕಿಲ್ಲ. ಮೊದಲ ವಾರ ಏಳು ನಿಮಿಷ ಹಿಡಿಯಿತು. ಡಬ್ಬಿಯ ಮೇಲೇ ನಿಂತು ನೇರ ಕೆಳಗೆ ತೋಡುತ್ತಿದ್ದೆ. ಕುಂದಗೋಳ ಕಡೆಯ ಕೆಲಸದವನೊಬ್ಬ ಬೀಡಿ ಆರಿಸಿ ಬಂದ. "ಸರ, ಮ್ಯಾಲಿಂದ ಬಗದ್ರ ಉಸುಕು ವಾಪಸ್ ಒಳಗ ಬೀಳ್ತೈತ್ರಿ. ಕೆಳಗ ನಿಂತು ಅಡ್ಡ ಹೊಡೀರಿ." ಹಿಮದಲ್ಲಿ ಹೇಳಿಕೊಡುವುದೂ ಇದನ್ನೇ. ಪ್ರೋಬ್‌ನಿಂದ ಇಳಿಜಾರಿನ ಕೆಳಕ್ಕೆ, ಆಳದ ಒಂದೂವರೆ ಪಟ್ಟು ದೂರದಿಂದ ಅಗೆಯುತ್ತಾ ಬರಬೇಕು. ದುಡ್ಡು ಕೊಟ್ಟು ಕಲಿತದ್ದನ್ನು ಮರೆತಿದ್ದೆ, ಅವನು ಸುಮ್ನೆ ಹೇಳಿಕೊಟ್ಟ.

ಯಾಕೆ ಹೀಗೆ ಮಾಡ್ತೀರಿ ಅಂತ ಕೇಳಿದ, ಹೇಳಿದೆ. ತಕ್ಷಣ, "ನಮ್ಮ ಹನಮಂತಪ್ಪ ಆರು ದಿನ ಇದ್ರಲ್ರೀ" ಅಂದ. ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಈ ಕೆಲಸದವನ ತಾಲೂಕಿನವರೇ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹೂತುಹೋದ ಹತ್ತು ಸೈನಿಕರಲ್ಲಿ ಆರು ದಿನದ ಮೇಲೆ ಜೀವಂತ ಸಿಕ್ಕವರು ಅವರೊಬ್ಬರೇ. 11ರಂದು ದೆಹಲಿಯಲ್ಲಿ ತೀರಿಕೊಂಡರು. ಅವರು ಟೆಂಟಿನಲ್ಲಿದ್ದರು, ಸುತ್ತ ಒಂದಿಷ್ಟು ಗಾಳಿ ಉಳಿದಿತ್ತು ಅಂತ ಆಗ ಓದಿದ್ದೆ. ನನ್ನ ಗೆಳೆಯನಿಗೆ ಇದ್ದದ್ದು ಹೆಲ್ಮೆಟ್ಟಿನೊಳಗಿನ ಗಾಳಿ ಮಾತ್ರ. ಇದನ್ನು ಹೇಳಿದಾಗ ಆ ಕೆಲಸದವ ತಲೆಯಾಡಿಸಿ, ಹೋಗಿ ಡಬ್ಬಿಯನ್ನು ತಾನೇ ಹೂತ. ಎಲ್ಲಿ ಅಂತ ನನಗೆ ಗೊತ್ತಾಗದ ಹಾಗೆ.

ಈಗ ನಾಲ್ಕು ನಿಮಿಷಕ್ಕೆ ಬಂದಿದ್ದೇನೆ. ಪ್ಲಾಸ್ಟರಿಂಗ್ ಮುಗಿಯುತ್ತಾ ಬಂತು, ರಾಶಿ ಕರಗುತ್ತಿದೆ. ಬೇರೆ ಸೈಟು ನೋಡಬೇಕು.