ಬಲ್ಬು ಕೆಟ್ಟಿರಲಿಲ್ಲ, ಕರೆಂಟೇ ಸರಿಯಾಗಿ ತಲುಪುತ್ತಿರಲಿಲ್ಲ

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಕುಯ್ಲಿನ ಸಮಯದಲ್ಲಿ ಹಣ್ಣು ತೂಕ ಹಾಕಿ, ಆಳುಗಳ ಲೆಕ್ಕ ಬರೆದು ಹೊರಡುವಾಗ ರಾತ್ರಿ ಎಂಟಾಗುತ್ತದೆ. ಮನೆ ಇರುವುದು ಬಣಕಲ್ ಕಡೆ. ತಿರುವು ಜಾಸ್ತಿ, ಅಕ್ಕಪಕ್ಕ ತೋಟ, ಯಾವಾಗ ಮಂಜು ಇಳಿಯುತ್ತದೋ ಹೇಳಕ್ಕಾಗಲ್ಲ. ಆನೆ ಓಡಾಡುವ ಜಾಗ ಬೇರೆ. ಅಂಥ ರಸ್ತೆಯಲ್ಲಿ ನನ್ನ ಹತ್ತು ವರ್ಷದ ಬೈಕಿನ ಹೆಡ್‌ಲೈಟು ಬರೀ ಹಳದಿ ದೀಪದ ಹಾಗೆ ಉರಿಯುತ್ತಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಚಿಕ್ಕಮಗಳೂರಿಗೆ ಹೋದಾಗ ಒಂದು ಎಲ್‌ಇಡಿ ಬಲ್ಬು ತಂದು ಹಳೇ ಹೋಲ್ಡರ್‌ಗೇ ಸಿಕ್ಕಿಸಿದೆ. ಅಂಗಳದಲ್ಲಿ ನೋಡಿದರೆ ಹಗಲಿನ ಹಾಗೆ ಬೆಳಕು. ಖುಷಿಯಾಯಿತು. ಮೂರನೇ ದಿನ ಒಂದು ತಿರುವಿನಲ್ಲಿ ಎದುರಿಗೆ ಬಂದ ಜೀಪು ಸರ್ರನೆ ರಸ್ತೆ ಬಿಟ್ಟು ಮಣ್ಣಿಗೆ ಇಳಿದು ನಿಂತಿತು. ಹಿಂದೆ ಕೆಲಸ ಮುಗಿಸಿ ಹೊರಟಿದ್ದ ಹೆಂಗಸರು ತುಂಬಿದ್ದರು. ಡ್ರೈವರ್ ಇಳಿದು ಬಂದು, "ಏನ್ರೀ ಇದು ಲೈಟು? ಏನೂ ಕಾಣ್ಲಿಲ್ಲ ಕಣ್ರೀ ನಂಗೆ" ಎಂದರು. ನಾನು ಡಿಮ್ಮಿನಲ್ಲೇ ಇದ್ದೆ. ಆದರೂ ಹಾಗಾಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಎರಡೂ ಬಲ್ಬು ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಹಳೇದು ಎಚ್4 ಅನ್ನುವ ಹ್ಯಾಲೋಜನ್ ಬಲ್ಬು, 12 ವೋಲ್ಟ್, 60/55 ವ್ಯಾಟ್, ಅಂದರೆ ಬ್ರೈಟಿಗೆ 60, ಡಿಮ್ಮಿಗೆ 55. ಗಾಜಿನೊಳಗೆ ಎರಡು ತಂತಿ ಇವೆ. ಡಿಮ್ಮಿನ ತಂತಿಯ ಕೆಳಗೆ ಉಗುರಿನಷ್ಟು ಪುಟ್ಟ ಲೋಹದ ಬಟ್ಟಲು ಇದೆ. ಆ ತಂತಿಯ ಬೆಳಕು ರಿಫ್ಲೆಕ್ಟರಿನ (ಬಲ್ಬಿನ ಹಿಂದೆ ಬೆಳಕನ್ನು ಮುಂದಕ್ಕೆ ಎಸೆಯುವ ಹೊಳೆಯುವ ಬೋಗುಣಿ) ಕೆಳಭಾಗಕ್ಕೆ ಬೀಳದ ಹಾಗೆ ಅದು ತಡೆಯುತ್ತದೆ. ಹಾಗಾಗಿಯೇ ಡಿಮ್ಮಿನ ಬೆಳಕು ಮೇಲಕ್ಕೆ ಹೋಗದೆ ರಸ್ತೆ ಮೇಲೆ ಬೀಳುತ್ತದೆ. ರಿಫ್ಲೆಕ್ಟರನ್ನು ಮಾಡಿರುವುದೇ ಆ ಸಣ್ಣ ತಂತಿಯ ಜಾಗ ನೋಡಿಕೊಂಡು. ನಾನು ತಂದ ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಜಾಗವೇ ಬೇರೆ. ಬೆಳಕು ಮೇಲೆಲ್ಲಾ ಚೆಲ್ಲುತ್ತಿತ್ತು. ಮಂಜಿನಲ್ಲಿ ನನಗೇ ಮುಂದೆ ಬಿಳಿ ಗೋಡೆ ಕಟ್ಟಿದ ಹಾಗೆ ಕಾಣುತ್ತಿದ್ದದ್ದು ಅದಕ್ಕೇ. ಎಲ್‌ಇಡಿ ಹೆಡ್‌ಲೈಟೇ ಕೆಟ್ಟದ್ದು ಅಂತಲ್ಲ. ಕಂಪನಿಯಿಂದಲೇ ಹಾಗೆ ಬಂದ ಬೈಕಿನಲ್ಲಿ ಚೆನ್ನಾಗಿಯೇ ಇರುತ್ತದೆ.

ಹಳೇ ಬಲ್ಬು ವಾಪಸ್ ಹಾಕಿ, ತೋಟದ ಎಲೆಕ್ಟ್ರಿಷಿಯನ್ ಹತ್ತಿರ ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೇಳಿ ತಂದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್. ಲೈಟು ಉರಿಯುತ್ತಿರುವಾಗಲೇ ಬಲ್ಬಿನ ಪಿನ್ನಿನಲ್ಲಿ ನೋಡಿದರೆ 11.7. ಲೈಟು ಉರಿಸಿಯೇ ಅಳೆಯಬೇಕು, ಆರಿಸಿ ಅಳೆದರೆ ನಿಜ ಗೊತ್ತಾಗಲ್ಲ. ಎರಡು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ತೆಳು ವೈರು, ಹ್ಯಾಂಡಲ್ ಸ್ವಿಚ್ಚಿನ ಸವೆದ ಪಾಯಿಂಟು, ಹಸಿರು ಕಟ್ಟಿದ ಕನೆಕ್ಟರು, ಎಲ್ಲವೂ ಸ್ವಲ್ಪ ಸ್ವಲ್ಪ ತಿಂದಿದ್ದವು. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜು 10 ಪರ್ಸೆಂಟ್ ಕಡಿಮೆಯಾದರೆ ಬೆಳಕು ಸುಮಾರು 30 ಪರ್ಸೆಂಟ್ ಇಳಿಯುತ್ತದೆ. ನನಗೆ ಬೇಕಿದ್ದದ್ದು ಹೊಸ ಬಲ್ಬಲ್ಲ, ಬಲ್ಬಿಗೆ ನೇರ ಕರೆಂಟು.

ಅದಕ್ಕೆ ರಿಲೇ ಹಾಕಿದೆ. ಸಣ್ಣ ಕರೆಂಟು ಕೊಟ್ಟರೆ ದೊಡ್ಡ ಕರೆಂಟಿನ ದಾರಿ ತೆರೆಯುವ ಪುಟ್ಟ ಸ್ವಿಚ್ಚು ಅದು, ಪಿನ್ನುಗಳಿಗೆ ನಂಬರ್ ಇರುತ್ತದೆ. ಡಿಮ್ಮಿಗೊಂದು, ಬ್ರೈಟಿಗೊಂದು. ಬ್ಯಾಟರಿ ಪ್ಲಸ್‌ನಿಂದ 15 ಆಂಪ್ ಫ್ಯೂಸ್ ದಾಟಿ ದಪ್ಪ ವೈರು ಎರಡೂ ರಿಲೇಯ 30ನೇ ಪಿನ್ನಿಗೆ. 87ರಿಂದ ಬಲ್ಬಿಗೆ. ಮೊದಲು ಬಲ್ಬಿಗೆ ಹೋಗುತ್ತಿದ್ದ ಡಿಮ್, ಬ್ರೈಟ್ ವೈರುಗಳು 86ಕ್ಕೆ, 85 ಅರ್ತಿಗೆ. ಈಗ ಸ್ವಿಚ್ಚಿನ ಕೆಲಸ ರಿಲೇ ಎಬ್ಬಿಸುವುದಷ್ಟೇ, ಭಾರದ ಕರೆಂಟು ಅದರ ಮೂಲಕ ಹೋಗಲ್ಲ. ಬಲ್ಬಿನ ಅರ್ತನ್ನೂ ಹೊಸ ವೈರಿನಲ್ಲಿ ಬ್ಯಾಟರಿ ಮೈನಸ್ಸಿಗೇ ಕೊಟ್ಟೆ. ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರಬೇಕು, ಇದನ್ನು ಮರೆಯಬೇಡಿ. ಎಲ್ಲಾ ಸೇರಿ 600 ರೂಪಾಯಿ ಚಿಲ್ಲರೆ ಆಯಿತು. ಆಮೇಲೆ ಬಲ್ಬಿನ ಪಿನ್ನಿನಲ್ಲಿ 13.4 ವೋಲ್ಟ್ ಬಂತು.

ಇದು ಬ್ಯಾಟರಿಯಿಂದ ಹೆಡ್‌ಲೈಟು ಉರಿಯುವ ಬೈಕಿಗೆ ಮಾತ್ರ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಲೈಟು ಬಂದರೆ ಸರಿ. ಬರದೆ, ಆಕ್ಸಿಲರೇಟರ್ ಕೊಟ್ಟಂತೆ ಬೆಳಕು ಏರಿ ಇಳಿದರೆ ಅದು ಎಸಿ ವೈರಿಂಗ್, ಅಂದರೆ ಬ್ಯಾಟರಿ ಬಿಟ್ಟು ಇಂಜಿನ್ ಕಡೆಯಿಂದಲೇ ಲೈಟಿಗೆ ಕರೆಂಟು ಬರುವ ಥರದ್ದು ಇರಬಹುದು. ಹಾಗಿದ್ದರೆ ಕೈ ಹಾಕುವ ಮುಂಚೆ ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ. 35/35 ವ್ಯಾಟಿನ ಎಚ್ಎಸ್1 ಬಲ್ಬಿನ ಬೈಕಿಗೆ 60 ವ್ಯಾಟಿನದನ್ನು ತುರುಕಲೂ ಬೇಡಿ. ನೋಡಲು ಎರಡೂ ಒಂದೇ ಥರ ಇರುತ್ತವೆ, ಆದರೆ ಆ ಬಿಸಿಗೆ ಹೋಲ್ಡರ್ ಕರಗಬಹುದು. 100/90 ವ್ಯಾಟ್ ಅಂತ ಸಿಗುವುದಂತೂ ಬೇಡವೇ ಬೇಡ.

ಹೊಸ ಬಲ್ಬು ಹಾಕುವಾಗ ಗಾಜು ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಜಾಸ್ತಿ ಕಾಯ್ದು ಬಲ್ಬು ಬೇಗ ಹೋಗುತ್ತದೆ. ಅಕಸ್ಮಾತ್ ಮುಟ್ಟಿದರೆ ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹಾಕಿ.

ಕೊನೆಗೆ ಲೈಟಿನ ಎತ್ತರ ಸರಿಮಾಡಿದ್ದು ತೋಟದ ಕಣದಲ್ಲಿ. ಕಾಫಿ ಒಣಗಿಸುವ ಕಣಕ್ಕಿಂತ ಸಮನಾದ ಜಾಗ ನಮ್ಮ ಕಡೆ ಎಲ್ಲಿ ಸಿಗುತ್ತದೆ? ಗೋಡೌನ್ ಗೋಡೆಯಿಂದ 5 ಮೀಟರ್ ದೂರ ಬೈಕ್ ನಿಲ್ಲಿಸಿ, ಹೆಡ್‌ಲೈಟಿನ ನಡುಮಧ್ಯದ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನಾನು ಸೀಟಿನ ಮೇಲೆ ಕೂತೆ, ಯಾಕೆಂದರೆ ಭಾರ ಬಿದ್ದರೆ ಹಿಂಭಾಗ ತಗ್ಗಿ ಬೆಳಕು ಮೇಲೇಳುತ್ತದೆ. ವಾಚ್‌ಮನ್ ಸ್ಕ್ರೂ ತಿರುಗಿಸುತ್ತಾ ಹೋದರು. ಡಿಮ್ಮಿನ ಮೇಲಂಚು ಗೆರೆಗಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬಂದಾಗ "ಸಾಕು" ಅಂದೆ.

ಅದೇ ವಾರ ಅದೇ ರಸ್ತೆಯಲ್ಲಿ ಆ ಜೀಪು ಮತ್ತೆ ಎದುರಾಯಿತು. ನಾನು ಡಿಮ್ ಮಾಡಿದೆ, ಅವರೂ ಡಿಮ್ ಮಾಡಿದರು. ಜೀಪು ತನ್ನ ಪಾಡಿಗೆ ಪಕ್ಕದಲ್ಲೇ ಹಾದುಹೋಯಿತು.