ಪಾಳೇಗಾರನಿಗೆ ಎಂ-ಸೀಲ್ ಪೇಟ

ತುಮಕೂರಿನಲ್ಲಿ ನನ್ನದು ಮೊಬೈಲ್ ರಿಪೇರಿ ಕೆಲಸ. ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂ ಬಿಚ್ಚಿ ಹಾಕಿ ಪಳಗಿದ ಕೈ. ಒಂದಿಂಚು ಚಿಲ್ಲರೆ ಎತ್ತರದ ಗೊಂಬೆಗೆ ಬಣ್ಣ ಹಚ್ಚೋದು ಏನು ಮಹಾ ಅಂದುಕೊಂಡಿದ್ದೆ. ಮೊದಲ ಗೊಂಬೆ ಮುಗಿದಾಗ ಅದರ ಮೂಗು, ಬಾಯಿ ಎಲ್ಲ ಬಣ್ಣದಲ್ಲಿ ಮುಳುಗಿಹೋಗಿತ್ತು. ಅಮ್ಮ ತಿರುಗಿಸಿ ತಿರುಗಿಸಿ ನೋಡಿ, "ಇದರ ಮುಖ ಯಾವ ಕಡೆಗೋ?" ಅಂದರು.

ಇದು ಶುರುವಾಗಿದ್ದು ಆಟದಿಂದ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ, ಏಟು ಬಿತ್ತೋ ತಪ್ಪಿತೋ ಅನ್ನೋದನ್ನ ದಾಳ ಹೇಳುತ್ತೆ. ಯಾರು ಎಲ್ಲಿ ನಿಂತಿದ್ದಾರೆ ಅಂತ ತೋರಿಸೋಕೆ ಗೊಂಬೆ. ಚೌಕ ಹಾಕಿದ ಹಾಳೆಯಲ್ಲಿ ಒಂದಿಂಚು ಅಂದರೆ ಐದಡಿ. ಭಾನುವಾರ ಮಧ್ಯಾಹ್ನ ಅಕ್ಕನ ಇಬ್ಬರು ಮಕ್ಕಳು, ನನ್ನ ಇಬ್ಬರು ಗೆಳೆಯರು ನಮ್ಮ ಹಾಲ್‌ನಲ್ಲಿ ಕೂರುತ್ತಾರೆ. ಕತೆ ನಡೆಸೋದು ನಾನು, ಕನ್ನಡದಲ್ಲೇ. ಮಧುಗಿರಿಯಂಥ ಏಕಶಿಲೆ ಬೆಟ್ಟ, ಮೇಲೊಂದು ಕೋಟೆ, ಒಳಗೊಬ್ಬ ಪಾಳೇಗಾರ. ಆದರೆ ಪೆಟ್ಟಿಗೆಯಲ್ಲಿ ಬರೋರೆಲ್ಲ ಕಬ್ಬಿಣದ ಕವಚ ತೊಟ್ಟ ಯುರೋಪಿನವರು. "ಮಾಮ, ಪಾಳೇಗಾರ ಯಾಕೆ ಕೊಂಬಿನ ಟೋಪಿ ಹಾಕ್ಕೊಂಡಿದಾನೆ?" ಅಂತ ಚಿಕ್ಕವನು ಕೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ.

ಬೆಂಗಳೂರಿನ ಒಬ್ಬರಿಂದ ಹಳೆಯ ಗೊಂಬೆ ಹದಿನಾಲ್ಕು ತಂದೆ. ಯಾರೋ ದಪ್ಪಗೆ ಅಕ್ರಿಲಿಕ್ ಬಣ್ಣ ಮೆತ್ತಿದ್ದರು. ಮೊದಲು ಅದನ್ನ ತೆಗೀಬೇಕು. ನಾನು ಬುದ್ಧಿವಂತ ಅಂತ ಪೇಂಟ್ ಅಂಗಡಿಯ ಥಿನ್ನರ್‌ನಲ್ಲಿ ಒಂದನ್ನ ಮುಳುಗಿಸಿದೆ. ಊಟ ಮಾಡಿ ಬರುವಷ್ಟರಲ್ಲಿ ಅವನ ಕಾಲು ಅಗಿದ ಚೂಯಿಂಗ್ ಗಮ್ ಆಗಿತ್ತು. ಮಾಡೆಲ್ ಗೊಂಬೆಗಳಿಗೆ ಬಳಸುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಥಿನ್ನರ್, ಅಸಿಟೋನ್ ಎರಡಕ್ಕೂ ಕರಗುತ್ತೆ. ಸರಿಯಾದ ಮದ್ದು ನನ್ನ ಅಂಗಡಿಯಲ್ಲೇ ಇತ್ತು. ಬೋರ್ಡ್ ತೊಳೆಯೋಕೆ ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಉಪ್ಪಿನಕಾಯಿ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತೆ. ಬೆಂಕಿಯ ಹತ್ತಿರ ಮಾತ್ರ ಬೇಡ, ಕಿಟಕಿ ತೆಗೆದಿರಲಿ. ಡೆಟಾಲ್‌ನಲ್ಲಿ ನೆನೆಸುವವರೂ ಇದ್ದಾರೆ, ಅದೂ ಕೆಲಸ ಮಾಡುತ್ತೆ. ಆದರೆ ನೆನೆಸಿದ ಗೊಂಬೆಯನ್ನ ಸೀದಾ ನಲ್ಲಿ ಕೆಳಗೆ ಹಿಡಿದರೆ ಬಿಟ್ಟ ಬಣ್ಣವೆಲ್ಲ ಹಲಸಿನ ಮೇಣದ ಹಾಗೆ ಅಂಟಿಕೊಳ್ಳುತ್ತೆ. ಮೊದಲು ಡೆಟಾಲ್‌ನಲ್ಲೇ ಉಜ್ಜಿ ತೆಗೆದು, ಆಮೇಲೆ ಸೋಪು ನೀರು. ಮನೆ ಎರಡು ದಿನ ಆಸ್ಪತ್ರೆ ವಾಸನೆ ಹೊಡೆಯುತ್ತೆ, ಅದಕ್ಕೆ ನಾನು ಐಪಿಎ ಪಾರ್ಟಿ.

ಬಗ್ಗಿದ ಕತ್ತಿ ನೆಟ್ಟಗೆ ಮಾಡೋದು ಸುಲಭ. ಮೆತ್ತನೆಯ ಪಿವಿಸಿ ಗೊಂಬೆ ಆದರೆ ಬಿಸಿ ನೀರಲ್ಲಿ ಒಂದು ನಿಮಿಷ ಅದ್ದಿ, ಬೆರಳಲ್ಲಿ ಸರಿಪಡಿಸಿ, ತಕ್ಷಣ ತಣ್ಣೀರಿಗೆ ಹಾಕಿದರೆ ಹಾಗೇ ನಿಲ್ಲುತ್ತೆ.

ಇನ್ನು ಪೇಟ. ಕೊಂಬಿನ ಟೋಪಿಯನ್ನ ವೈರ್ ಕಟರ್‌ನಲ್ಲಿ ಕತ್ತರಿಸಿ, ತಲೆಯನ್ನ ಮಟ್ಟಸ ಉಜ್ಜಿದೆ. ಹೊರದೇಶದಲ್ಲಿ ಇದಕ್ಕೆ ಗ್ರೀನ್ ಸ್ಟಫ್ ಅನ್ನೋ ಹಸಿರು ಪುಟ್ಟಿ ಬಳಸುತ್ತಾರೆ. ನನಗೆ ಪೈಪ್ ಸೋರಿಕೆಗೆ ಹಚ್ಚುವ ಎಂ-ಸೀಲ್ ಸಾಕು. ಎರಡು ಬಣ್ಣದ ಉಂಡೆ ಸಮಸಮ ತಗೊಂಡು, ಗೆರೆ ಉಳಿಯದ ಹಾಗೆ ನಾದಬೇಕು. ಗ್ಲೌಸ್ ಹಾಕಿಕೊಳ್ಳಿ, ನನಗೆ ಬೆರಳ ಸಂದಿ ಕೆರೆತ ಬಂದಿತ್ತು. ನಾದಿದ ತಕ್ಷಣ ಅದು ಅಂಟು. ಐದು ನಿಮಿಷ ಬಿಟ್ಟು, ಬೆರಳು ಒದ್ದೆ ಮಾಡಿಕೊಂಡು ಶಾವಿಗೆ ಎಳೆಯಷ್ಟು ಸಣ್ಣಗೆ ಹೊಸೆದೆ. ತಲೆಗೆ ಒಂದು ಸುತ್ತು, ಅದರ ಮೇಲೆ ಓರೆಯಾಗಿ ಇನ್ನೊಂದು, ಮೂರನೆಯದು ಎದುರು ಓರೆ. ಒದ್ದೆ ಸೂಜಿಯಿಂದ ಪ್ರತಿ ಎಳೆಯ ಮೇಲೆ ಉದ್ದಕ್ಕೆ ಎರಡು ಗೀರು ಎಳೆದಾಗ, ಪುಟ್ಟಿ ಹೋಗಿ ಬಟ್ಟೆ ಆಯಿತು. ಆ ಗೀರು ಇಲ್ಲದಿದ್ದರೆ ತಲೆ ಮೇಲೆ ಚಕ್ಕುಲಿ ಇಟ್ಟ ಹಾಗೆ ಕಾಣುತ್ತೆ. ಉಳಿದ ಚೂರಲ್ಲಿ ಮೀಸೆ. ಅಕ್ಕಿ ನುಚ್ಚಿನಷ್ಟು ಎರಡು, ತುದಿ ಮೇಲಕ್ಕೆ.

ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಹೊಡೆಯುವ ಕೋಟ್. ಅದರ ವಿಷಯದಲ್ಲಿ ನಮ್ಮೂರಿನ ಬಿಸಿಲು ನನಗೆ ಪಾಠ ಕಲಿಸಿತು. ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲೆ ಸ್ಪ್ರೇ ಹೊಡೆದೆ. ಬಿಸಿ ಗಾಳಿಗೆ ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗಿ, ಮೇಲೆಲ್ಲ ರವೆ ಉದುರಿಸಿದ ಹಾಗಾಯಿತು. ಮಳೆಗಾಲದ ತೇವದಲ್ಲೂ ಸ್ಪ್ರೇ ಕೈಕೊಡುತ್ತೆ. ಈಗ ಬೆಳಗ್ಗೆ ಎಂಟು ಗಂಟೆಗೆ, ಒಂದು ಗೇಣು ದೂರದಿಂದ, ತೆಳ್ಳಗೆ ಎರಡು ಸಲ. ಮೊದಲು ಎಲ್ಲ ಕಡೆ ಕಪ್ಪು, ಆಮೇಲೆ ಮೇಲಿನಿಂದ ಮಾತ್ರ ಬಿಳಿ. ನೆತ್ತಿ ಮೇಲೆ ಸೂರ್ಯ ಇದ್ದಾಗ ನೆರಳು ಎಲ್ಲಿ ಬೀಳುತ್ತೆ ಅನ್ನೋದು ಬಣ್ಣ ಹಚ್ಚುವ ಮೊದಲೇ ಗೊತ್ತಾಗುತ್ತೆ.

ನನ್ನ ಮೊದಲ ಗೊಂಬೆ ಹಾಳಾಗಿದ್ದು ಕೈ ನಡುಗಿ ಅಲ್ಲ, ಬಣ್ಣ ಗಟ್ಟಿ ಇದ್ದಿದ್ದಕ್ಕೆ. ಈಗ ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು ಎರಡು ಮೂರು ಸಲ ಹಚ್ಚುತ್ತೇನೆ. ತೆಳು ಬಣ್ಣ ಬೇಗ ಒಣಗದಿರಲಿ ಅಂತ ಟಿಫನ್ ಬಾಕ್ಸ್ ಮುಚ್ಚಳದಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್. ಬಣ್ಣ ಕಲಸೋದು ಅದರ ಮೇಲೇ. ಬ್ರಷ್ ಕೂಡ ತೀರಾ ಸಣ್ಣದು ಬೇಡ. ಮೂರು ಸೊನ್ನೆಯ ಬ್ರಷ್‌ನಲ್ಲಿ ಬಣ್ಣ ತುದಿಯಲ್ಲೇ ಒಣಗಿಬಿಡುತ್ತೆ. ತುದಿ ಚೂಪಾಗಿದ್ದರೆ ಒಂದನೇ ನಂಬರ್‌ನಲ್ಲೇ ಕಣ್ಣು ಬರೀಬಹುದು.

ಮೈಬಣ್ಣಕ್ಕೆ ಜಾಸ್ತಿ ಒದ್ದಾಡಿದೆ. ಚರ್ಮದ ಬಣ್ಣ ಅಂತ ಬರೆದ ಬಾಟಲಿ ತಂದರೆ ಒಳಗೆ ಗುಲಾಬಿ! ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪು ಕಂದು ಸೇರಿಸಿ ರಾಗಿ ಮುದ್ದೆಗಿಂತ ಒಂದು ಚೂರು ಕೆಂಪು ಬರೋ ಹಾಗೆ ಮಾಡಿಕೊಂಡೆ. ಕೆನ್ನೆ, ಮೂಗಿನ ತುದಿ ತಿಳಿ ಮಾಡೋಕೆ ಬಿಳಿ ಬೆರೆಸಿದೆ, ಮುಖ ಬೂದಿ ಬಡಿದ ಹಾಗಾಯಿತು. ಬಿಳಿ ಬದಲು ಯೆಲ್ಲೋ ಓಕರ್ ಅನ್ನೋ ಮಣ್ಣಿನ ಹಳದಿ ಬೆರೆಸಿದ ಮೇಲೆ ಬಿಸಿಲಲ್ಲಿ ನಿಂತ ಮನುಷ್ಯನ ಮುಖ ಆಯಿತು. ಪಂಚೆಗೂ ಅಷ್ಟೇ, ಪೂರ್ತಿ ಬಿಳಿ ಬೇಡ. ನೀಲಿ ಹಾಕಿ ಒಗೆದ ಬಟ್ಟೆಯ ನೆರಳಿನ ಬಣ್ಣ ಮೊದಲು, ನಿರಿಗೆಯ ಏಣಿನ ಮೇಲಷ್ಟೇ ಬಿಳಿ. ಸಂದುಗಳಿಗೆ ತೆಳು ಕಂದು ನೀರು ಹರಿಸುತ್ತೇನೆ, ಅದಕ್ಕೆ ಒಂದೇ ಹನಿ ಪಾತ್ರೆ ಸೋಪು. ಸೋಪು ಇಲ್ಲದಿದ್ದರೆ ನೀರು ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಲ್ಲುತ್ತೆ.

ಗಣಪತಿ ಮಾಡುವವರು ಕಣ್ಣನ್ನ ಕೊನೆಗೆ ಬಿಡಿಸುತ್ತಾರೆ ಅಲ್ವಾ? ನಾನು ಮೊದಲೇ ಬರೆಯುತ್ತೇನೆ. ಭಕ್ತಿ ಕಡಿಮೆ ಅಂತಲ್ಲ. ನಮ್ಮ ಗೂಳೂರು ಗಣಪನ ಒಂದು ಕಣ್ಣೇ ನನ್ನ ಇಡೀ ಗೊಂಬೆಗಿಂತ ದೊಡ್ಡದು, ಅಲ್ಲಿ ಕೈಗೆ ಜಾಗ ಇದೆ. ಇಲ್ಲಿ ಹತ್ತರಲ್ಲಿ ಎಂಟು ಸಲ ಕೆಡುತ್ತೆ, ಮೊದಲೇ ಕೆಟ್ಟರೆ ಸುತ್ತ ಮೈಬಣ್ಣದಿಂದ ತಿದ್ದಿಕೊಳ್ಳಬಹುದು. ಮಾಸಲು ಬಿಳಿಯ ಒಂದು ಅಡ್ಡ ಗೆರೆ, ಅದರ ಮೇಲೆ ರೆಪ್ಪೆಯಿಂದ ರೆಪ್ಪೆಗೆ ಮುಟ್ಟುವ ಕಪ್ಪು ಉದ್ದ ಗೆರೆ. ಬರೀ ಚುಕ್ಕೆ ಇಟ್ಟರೆ ಪಾಳೇಗಾರ ದೆವ್ವ ಕಂಡವನ ಹಾಗೆ ನೋಡುತ್ತಾನೆ.

ನೆಲಕ್ಕೆ ಹಿತ್ತಲಿನ ಕೆಮ್ಮಣ್ಣು ಜರಡಿ ಹಿಡಿದು, ಹುಳ ಹೋಗಲಿ ಅಂತ ಕಾವಲಿ ಮೇಲೆ ಹುರಿದೆ. ಅಮ್ಮ ಆ ಕಾವಲಿಯನ್ನ ನನಗೇ ಬಿಟ್ಟುಕೊಟ್ಟು ತಮಗೆ ಹೊಸದು ತರಿಸಿಕೊಂಡರು. ನೀರು ಬೆರೆಸಿದ ಫೆವಿಕಾಲ್ ಮೇಲೆ ಮಣ್ಣು, ಅಲ್ಲಲ್ಲಿ ಕತ್ತರಿಸಿದ ತೆಂಗಿನ ನಾರು. ಬೇಸಿಗೆಯ ಒಣ ಹುಲ್ಲಿಗೆ ಇದಕ್ಕಿಂತ ಒಳ್ಳೆಯದು ಸಿಗಲ್ಲ, ಅದೂ ತೆಂಗಿನ ಸೀಮೆಯಲ್ಲಿ ಕೂತು ಹುಲ್ಲು ಕೊಂಡು ತರೋದಾ? ಬಂಡೆಗೆ ಕಾಯಿಚಿಪ್ಪಿನ ಚೂರು, ಬೂದು ಬಣ್ಣ, ಮಳೆ ನೀರು ಇಳಿದ ಹಾಗೆ ಕಪ್ಪು ಗೆರೆ. ಕೊನೆಗೆ ಮ್ಯಾಟ್ ವಾರ್ನಿಶ್ ಎರಡು ಕೋಟ್.

ಭರ್ಜಿ ಮಾತ್ರ ಎಡವಟ್ಟಾಯಿತು. ಪೊರಕೆ ಕಡ್ಡಿಯಲ್ಲಿ ಮಾಡಿದ್ದೆ, ನೋಡೋಕೆ ಚೆನ್ನಾಗೇ ಇತ್ತು. ಮೊದಲ ಭಾನುವಾರವೇ ಚಿಕ್ಕವನು ಪಾಳೇಗಾರನನ್ನ ಭರ್ಜಿ ಹಿಡಿದೇ ಎತ್ತಿದ. ಟಪ್ ಅಂತು. ಎಲ್ಲರೂ ನನ್ನ ಮುಖ ನೋಡಿದರು. "ಮಾಮ, ಭರ್ಜಿ ಮುರೀತು, ಈಗ ಅವನು ನಮಗೆ ಹೊಡೆಯೋ ಹಾಗಿಲ್ಲ ತಾನೆ?" ಅಂದ. ಆ ದಿನ ಕೋಟೆ ಅವರ ಪಾಲಾಯಿತು. ರಾತ್ರಿ ಒಂದು ಸೇಫ್ಟಿ ಪಿನ್ ನೆಟ್ಟಗೆ ಮಾಡಿ, ತುದಿ ಸುತ್ತಿಗೆಯಲ್ಲಿ ಚಪ್ಪಟೆ ತಟ್ಟಿ, ಮುಷ್ಟಿಗೆ ಒಂದು ಮಿಲಿಮೀಟರ್ ತೂತು ಕೊರೆದು ಫೆವಿಕ್ವಿಕ್ ಹಾಕಿ ಕೂರಿಸಿದೆ. ಈಗ ಚಿಕ್ಕವನಿಗೆ ಅವನನ್ನ ಎತ್ತಬೇಕಾದರೆ ಕಾಲು ಹಿಡಿದೇ ಎತ್ತಬೇಕು, ಇಲ್ಲದಿದ್ದರೆ ಚುಚ್ಚುತ್ತಾನೆ.