ಮೊನೊಪಾಡ್ ಮೇಲೆ ಲೆನ್ಸ್ ವಾಲುವುದು ನಿಂತದ್ದು ಹೀಗೆ

ದಾಂಡೇಲಿ ಕಾಡಲ್ಲಿ ಮಂಗಟ್ಟೆ ಹಕ್ಕಿ ಕೂರುವುದು ಎತ್ತರದ ಮರದಲ್ಲಿ. ಮೇಲಕ್ಕೆ ಗುರಿ ಇಟ್ಟರೆ ಸಾಕು, ನನ್ನ 150-600 ಮಿಮೀ ಜೂಮ್ ಲೆನ್ಸ್ ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಮೇಲೆ ಪಕ್ಕಕ್ಕೆ ವಾಲುತ್ತಿತ್ತು. ಸುಮಾರು 2 ಕೆಜಿ ತೂಕ ಅಲ್ವಾ?

ಕೋಲಿನ ತುದಿಗೆ ಹಾಕುವ, ಬಾಗುವ ಹೆಡ್ ಇಲ್ಲದೆ ನೋಡಿದೆ, ಕೋಲನ್ನೇ ಹಿಂದಕ್ಕೆ ಬಾಗಿಸಬೇಕಾಯಿತು. ಬಾಲ್ ಹೆಡ್ ಬಿಗಿ ಮಾಡಿದರೆ ಅಲುಗುವುದಿಲ್ಲ, ಸಡಿಲಿಸಿದರೆ ಎಲ್ಲ ಕಡೆಗೂ ಬೀಳುತ್ತದೆ.

ಸರಿಹೋದದ್ದು ಮೇಲೆ-ಕೆಳಗೆ ಮಾತ್ರ ಬಾಗುವ ಟಿಲ್ಟ್ ಹೆಡ್‌ನಿಂದ. ಆದರೆ ಅದರ ಕ್ಲ್ಯಾಂಪ್ (ಪ್ಲೇಟ್ ಹಿಡಿಯುವ ಇಕ್ಕಳ) ಕ್ಯಾಮೆರಾಕ್ಕೆ ಹೊಂದುವಂತೆ ಕೂತಿತ್ತು, ಲೆನ್ಸಿಗಲ್ಲ. ಅಲೆನ್ ಕೀಯಿಂದ ಬಿಚ್ಚಿ 90 ಡಿಗ್ರಿ ತಿರುಗಿಸಿದೆ. ಆಮೇಲೆ ಲೆನ್ಸ್ ಕಾಲಿನ (ಲೆನ್ಸ್ ಅಡಿಯ ಹಿಡಿಯ) ಉದ್ದನೆಯ ಪ್ಲೇಟನ್ನು ಹಿಂದೆ-ಮುಂದೆ ಸರಿಸಿ, ಕೈಬಿಟ್ಟರೂ ಲೆನ್ಸ್ ಸಮವಾಗಿ ನಿಲ್ಲುವ ಜಾಗದಲ್ಲಿ ಬಿಗಿದೆ. ಟಿಲ್ಟ್ ತಿರುಪು ಅರೆಬಿಗಿ. ಲೆನ್ಸ್ ಕಾಲರ್, ಅಂದರೆ ಲೆನ್ಸ್ ಸುತ್ತಲಿನ ಬಳೆ, ತುಸು ಸಡಿಲ. ಅದರೊಳಗೆ ಲೆನ್ಸ್ ತಿರುಗಿಸಬಹುದಾದ್ದರಿಂದ ಇಳಿಜಾರಿನಲ್ಲಿ ಕೋಲು ಓರೆಯಾದರೂ ಚಿತ್ರ ನೆಟ್ಟಗೆ ಬರುತ್ತದೆ. ಉದ್ದ ಮಾಡುವಾಗ ಕೋಲಿನ ದಪ್ಪ ಭಾಗ ಮೊದಲು ಎಳೆಯಿರಿ, ತೆಳ್ಳಗಿನದು ಕೊನೆಗೆ.